ಇವತ್ತು ಎಷ್ಟು ಚಮಚ

ಜನವರಿ 7, ಮಂಗಳವಾರ

ಒಂಬತ್ತು ಕಿಲೋ ನೂರು ಗ್ರಾಂ. ಮೂರು ತಿಂಗಳ ಹಿಂದೆ ಒಂಬತ್ತು ಮುನ್ನೂರು ಇತ್ತು. ಎರಡು ವರ್ಷ ನಾಲ್ಕು ತಿಂಗಳ ನನ್ನ ಮಗ ಪ್ರಥಮ ಬೆಳೆಯುವುದು ಬಿಟ್ಟು ಇಳಿಯುತ್ತಿದ್ದಾನೆ.

ಡಾಕ್ಟರ್ ಯಾಮಿನಿ ಮೈಸೂರಿನವರು. ಠಾಣೆಯ ನೌಪಾಡಾದಲ್ಲಿ ಇವರು, ನನ್ನ ಗಂಡ, ಕೆಲಸ ಮಾಡುವ ಹೋಟೆಲಿನಿಂದ ಎರಡು ಗಲ್ಲಿ ಆಚೆ ಡಾಕ್ಟರ ಕ್ಲಿನಿಕ್. ದನಿ ಏರಿಸಿ ಮಾತಾಡುವವರಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆ. "ನೋಡೀಮ್ಮಾ, ಒಂದು ತಿಂಗಳು ನೋಡೋಣ. ಫೆಬ್ರವರಿ ಆರಕ್ಕೆ ಬನ್ನಿ. ಅಷ್ಟರಲ್ಲಿ ತೂಕ ಏರಿರಬೇಕು. ಇಲ್ಲಾಂದ್ರೆ ಅಡ್ಮಿಟ್ ಮಾಡಿ ಮೂಗಿನಿಂದ ನಳಿಕೆ ಹಾಕಿ ಆಹಾರ ಕೊಡಬೇಕಾಗತ್ತೆ" ಎಂದರು. ನಳಿಕೆ ಎನ್ನುವಾಗ ತಮ್ಮ ಮೂಗು ಮುಟ್ಟಿ ತೋರಿಸಿದರು. ಪ್ರಥಮನೂ ತನ್ನ ಮೂಗು ಮುಟ್ಟಿಕೊಂಡ.

ದಿನಾ ಏನು ತಿಂದ, ಎಷ್ಟು ತಿಂದ ಬರೆದಿಡಬೇಕಂತೆ. ಠಾಣೆ ಸ್ಟೇಷನ್ನಿನ ಹೊರಗೆ ಈ ಪುಸ್ತಕ ಕೊಂಡೆ. ಚಮಚದ ಲೆಕ್ಕವನ್ನು ಕೊನೆಗೆ ಒಂದು ಹಾಳೆಗೆ ಇಳಿಸಿ ಡಾಕ್ಟರಿಗೆ ಕೊಡುತ್ತೇನೆ. ಉಳಿದದ್ದು ನನ್ನ ಹೊಟ್ಟೆಯೊಳಗಿನದು, ಯಾರಿಗೂ ಅಲ್ಲ.

ಇನ್ನೂ ಏನೇನೋ ಹೇಳಿದರು. ಈ ವಯಸ್ಸಿಗೂ ಯಾಕೆ ಮಿಕ್ಸಿಗೆ ಹಾಕಿ ಕೊಡ್ತೀರಾ, ಮೆತ್ತಗಿನದನ್ನು ಅಗಿಯೋಕೆ ಬಿಡಿ, ಮಗುವಿನ ಜೊತೆ ಕೂತು ನೀವೂ ಊಟ ಮಾಡಿ. ಕೆಮ್ಮಿದರೆ ಗಾಬರಿ ಬೇಡ, ಶಬ್ದ ಬರ್ತಿದೆ ಅಂದ್ರೆ ಉಸಿರಾಡ್ತಿದೆ ಅಂತ ಅರ್ಥ, ಬಾಯಿಗೆ ಬೆರಳು ಮಾತ್ರ ಹಾಕಬೇಡಿ. ಹೂಂ ಹೂಂ ಎಂದು ತಲೆ ಆಡಿಸಿದೆ. ಅವರಿಗೇನು, ಹೇಳುತ್ತಾರೆ. ಆ ದಿನ ಅವರು ಅಲ್ಲಿ ಇರಲಿಲ್ಲ.

ಆ ದಿನ ಶಬ್ದವೇ ಇರಲಿಲ್ಲ. ಕಲ್ಯಾಣದಲ್ಲಿ ಅತ್ತಿಗೆಯ ಮನೆ, ಪ್ರಥಮನಿಗೆ ಹನ್ನೊಂದು ತಿಂಗಳು. ಯಾರೋ ಪ್ರೀತಿಯಿಂದ ಒಂದು ತುಂಡು ಕ್ಯಾರೆಟ್ ಕೈಗಿಟ್ಟರು. ಎಲ್ಲರೂ ಮಾತಾಡುತ್ತಿದ್ದೆವು. ತಿರುಗಿ ನೋಡಿದರೆ ತುಟಿ ನೀಲಿ, ಕಣ್ಣು ನನ್ನ ಮೇಲೆ, ದನಿ ಇಲ್ಲ. ಅತ್ತಿಗೆಯ ಗಂಡ ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದರು. ಐದನೇ ಗುದ್ದಿಗೆ ತುಂಡು ನನ್ನ ಪಾದದ ಮೇಲೆ ಬಿತ್ತು. ಅದು ಬಿದ್ದ ಜಾಗ ಈಗಲೂ ನನಗೆ ಗೊತ್ತಿದೆ.

ಅವತ್ತಿನಿಂದ ಮಿಕ್ಸಿ. ಏನೇ ಇರಲಿ, ಮಿಕ್ಸಿ.

ಜನವರಿ 9, ಗುರುವಾರ

ಬೆಳಿಗ್ಗೆ ರಾಗಿ ಮಣ್ಣಿ ನಾಲ್ಕು ಚಮಚ. ಮಧ್ಯಾಹ್ನ ಅನ್ನ, ತೊವ್ವೆ, ಪಾಲಕ್ ಅರೆದದ್ದು ಮೂರು. ಸಂಜೆ ಬಾಳೆಹಣ್ಣು ಅರೆದದ್ದು ಎರಡು, ಅದರಲ್ಲಿ ಒಂದು ಉಗುಳಿದ.

ಮೂರು ಚಮಚಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ. ಬೆಡ್‌ರೂಮಿನ ಬಾಗಿಲು ಹಾಕುತ್ತೇನೆ, ಪರದೆ ಎಳೆಯುತ್ತೇನೆ, ಅವನ ಕೈಗೆ ಮೊಬೈಲ್ ಕೊಡುತ್ತೇನೆ. ಅದರಲ್ಲಿ ಬಸ್ಸಿನ ಚಕ್ರ ತಿರುಗುತ್ತಿರುತ್ತದೆ. ಬಾಯಿ ತೆರೆದ ಕ್ಷಣ ಚಮಚ ಒಳಗೆ. ನುಂಗಿದನೋ, ಎಲ್ಲಿ ಇಟ್ಟುಕೊಂಡ ಎಂದು ಗಂಟಲನ್ನೇ ನೋಡುತ್ತಾ ಕೂರುತ್ತೇನೆ. ಉಣ್ಣುವ ಮಗುವನ್ನು ಯಾರೂ ನೋಡಬಾರದು, ಕಣ್ಣು ಬೀಳುತ್ತದೆ ಎಂದು ಕಾರ್ಕಳದಿಂದ ಅತ್ತೆ ವಾರಕ್ಕೆ ಮೂರು ಸಲ ಫೋನು ಮಾಡಿ ನೆನಪಿಸುತ್ತಾರೆ. ಹೊರಗೆ ಹೋದಾಗ, ಟ್ರೇನಿನಲ್ಲೂ ಸಹ, ನನ್ನ ದುಪಟ್ಟಾ ಅವನ ತಲೆ ಮೇಲೆ ಹೊದಿಸಿಯೇ ತಿನ್ನಿಸುವುದು.

ಅಷ್ಟಾದ ಮೇಲೂ ಮಧ್ಯಾಹ್ನ ಉಪ್ಪು ಮೆಣಸು ನಿವಾಳಿಸಿದೆ. ಮೆಣಸು ಘಾಟು ಬರಲಿಲ್ಲ. ಅಂದರೆ ದೃಷ್ಟಿ ಉಂಟು ಎಂದೇ ಲೆಕ್ಕ.

ಯಾರದು ಎಂದು ಯೋಚಿಸುತ್ತಾ ಇದ್ದೆ. ಮನೆಯೊಳಗೆ ಬರುವವಳು ಒಬ್ಬಳೇ, ಚಂದ್ರಬಾಯಿ. ವಿಜಯಪುರದ ಕಡೆಯವಳು, ಹನ್ನೊಂದಕ್ಕೆ ಬಂದು ಪಾತ್ರೆ, ಬಟ್ಟೆ, ಕಸ ಮುಗಿಸಿ ಹನ್ನೆರಡೂವರೆಗೆ ಅಡುಗೆಮನೆಯ ಆಚೆಯ ಸಣ್ಣ ಬಾಲ್ಕನಿಯಲ್ಲಿ ಕೂತು ತನ್ನ ಡಬ್ಬಿ ಉಣ್ಣುತ್ತಾಳೆ. ವಾಷಿಂಗ್ ಮಷಿನ್ ಪಕ್ಕ. ಬಾಗಿಲು ಹಾಕಿಕೊಂಡು ಉಣ್ಣು ಎಂದು ನಾನೇ ಹೇಳಿದ್ದೇನೆ. ಕೆಟ್ಟವಳಲ್ಲ. ಆದರೂ ಕಣ್ಣು ಕಣ್ಣೇ.

ಇವರು ಹೋಟೆಲಿನಿಂದ ಫೋನು ಮಾಡಿದರು. ಹಲೋ ಇಲ್ಲ, ಏನಿಲ್ಲ. "ಎಷ್ಟು ಚಮಚ?" ಮೂರು ಎಂದೆ. ಹಿಂದಿನಿಂದ ಯಾರೋ "ದೋ ಮಸಾಲಾ, ಏಕ್ ಇಡ್ಲಿ ವಡಾ" ಎಂದು ಕೂಗುತ್ತಿದ್ದ. ದಿನಕ್ಕೆ ಐನೂರು ಜನ ಉಂಡು ಹೋಗುವ ಹೋಟೆಲಿನ ಮ್ಯಾನೇಜರ್ ಸರ್ವೋತ್ತಮನ ಮಗ ಮೂರು ಚಮಚ.

ಅವನು ಬಿಟ್ಟದ್ದನ್ನು ಸಿಂಕಿನ ಹತ್ತಿರ ನಿಂತು ನಾನೇ ಮುಗಿಸಿ ಬಟ್ಟಲು ತೊಳೆದೆ. ಊಟ ಆಯಿತು.

ಜನವರಿ 10, ಶುಕ್ರವಾರ

ಬೆಳಿಗ್ಗೆ ನಾಲ್ಕು. ಮಧ್ಯಾಹ್ನ ಒಂದು.

ಡೊಂಬಿವಲಿಯಲ್ಲಿ ಇಷ್ಟು ವರ್ಷ ಇದ್ದೂ ಶುಕ್ರವಾರ ಕರೆಂಟು ತೆಗೆಯುವ ದಿನ ಎನ್ನುವುದು ಮರೆತೇಹೋಗಿತ್ತು. ಹತ್ತಕ್ಕೆ ಕರೆಂಟು ತೆಗೆದರು. ಅನ್ನ ಬೆಂದಿದೆ, ಬೇಳೆ ಬೆಂದಿದೆ, ಮಿಕ್ಸಿ ಇಲ್ಲ. ಕೈಯಲ್ಲಿ ಹಿಸುಕಿದರೆ ಅಗುಳು ಉಳಿಯುತ್ತದೆ. ಗಂಟಲಿಗೆ ಸಿಕ್ಕಲು ಒಂದು ಅಗುಳು ಸಾಕು. ಚಹಾ ಸೋಸುವ ಜಾಲರಿಯಲ್ಲಿ ಅನ್ನ ಹಾಕಿ ಚಮಚದ ಹಿಂಬದಿಯಿಂದ ತಿಕ್ಕಿ ತಿಕ್ಕಿ ಇಳಿಸಿದೆ. ಮುಕ್ಕಾಲು ಗಂಟೆ. ಅಂಟಿನ ಹಾಗೆ ಆದದ್ದನ್ನು ಅವನು ಒಂದು ಚಮಚ ನೆಕ್ಕಿ "ನಕೋ" ಎಂದ.

ಅವನ ಬಾಯಲ್ಲಿ ಸ್ಪಷ್ಟವಾಗಿ ಬರುವುದು ಅದೊಂದೇ ಮಾತು. ಕೆಳಗೆ ಆಡುವ ಮಕ್ಕಳಿಂದ ಕಲಿತದ್ದು. ಕನ್ನಡದ ಬೇಡ ಕಲಿಸಲಿಲ್ಲ ನಾನು, ಮರಾಠಿಯಲ್ಲಿ ತಾನೇ ಕಲಿತುಕೊಂಡ.

ಜನವರಿ 13, ಸೋಮವಾರ

ನಾಲ್ಕು, ಎರಡು, ಎರಡು.

ಇವತ್ತು ಭೋಗಿ, ನಾಳೆ ಸಂಕ್ರಾಂತಿ. ಚಂದ್ರಬಾಯಿ ಪೇಪರಿನಲ್ಲಿ ಸುತ್ತಿ ಸಜ್ಜೆ ರೊಟ್ಟಿ ತಂದಳು, ಮೇಲೆ ಎಳ್ಳು ಹಚ್ಚಿ ಸುಟ್ಟದ್ದು, ಹಪ್ಪಳದ ಹಾಗೆ ಕಡಕ್. "ಹಬ್ಬದ ರೊಟ್ಟಿ ಅಕ್ಕಾರ, ತಿಂಗಳಾದ್ರೂ ಕೆಡಂಗಿಲ್ಲ. ಕೂಸಿಗೆ ಸಾರಿನ್ಯಾಗ ನೆನಸಿ ಕೊಡ್ರಿ" ಎಂದಳು. ಎಳ್ಳಂತೆ, ನನ್ನ ಮಗುವಿಗೆ. ಫ್ರಿಜ್ಜಿನ ಮೇಲೆ ಕೈಗೆ ಸಿಗದ ಹಾಗೆ ಇಟ್ಟೆ.

ಸಂಜೆ ಅವನ ಬಟ್ಟಲು ತೊಳೆಯುವಾಗ ನನ್ನ ಬಳೆ ತಾನಾಗಿ ಜಾರಿ ಸಿಂಕಿನೊಳಗೆ ಬಿತ್ತು. ಸಾಬೂನಿನ ಕೈ, ಮತ್ತೇನು.

ಜನವರಿ 15, ಬುಧವಾರ

ಬರೆಯಲು ನಾಚಿಕೆಯಾಗುತ್ತದೆ.

ಎದುರು ಫ್ಲ್ಯಾಟಿನ ಮರಾಠಿ ಅಜ್ಜಿ, ಎಲ್ಲರ ಬಾಯಲ್ಲಿ ಆಜಿ, ಮೊಮ್ಮಗಳಿಗೆ ಬೋರನ್ಹಾಣ ಇಟ್ಟಿದ್ದರು. "ಬಾಳಾಲಾ ಘೇವೂನ್ ಯೇ ಗ" ಎಂದು ಬಾಗಿಲಿಗೇ ಬಂದು ಮಗುವನ್ನೂ ಕರೆತರಲು ಹೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? ಸಂಕ್ರಾಂತಿಗೆ ಚಿಕ್ಕ ಮಕ್ಕಳನ್ನು ಕೂರಿಸಿ ತಲೆ ಮೇಲೆ ಬೋರೆಹಣ್ಣು, ಮಂಡಕ್ಕಿ, ಕಬ್ಬಿನ ತುಂಡು, ಸಕ್ಕರೆ ಮಿಠಾಯಿ ಸುರಿಯುತ್ತಾರೆ. ಉಳಿದ ಮಕ್ಕಳು ನೆಲದಿಂದ ಹೆಕ್ಕಿ ತಿನ್ನುತ್ತಾರೆ. ನಮ್ಮ ಕಡೆ ಇಲ್ಲ. ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ ವಸ್ತುಗಳನ್ನೆಲ್ಲ ಹುಡುಕಿ ತಂದು ಮಕ್ಕಳ ತಲೆಗೆ ಸುರಿದು ಚಪ್ಪಾಳೆ ತಟ್ಟುವುದು! ನಾನು ಪ್ರಥಮನನ್ನು ಸೊಂಟದಿಂದ ಇಳಿಸಲೇ ಇಲ್ಲ.

ಆದರೂ ಇಳಿದ. ಅರಿಶಿನ ಕುಂಕುಮಕ್ಕೆ ಹಣೆ ಕೊಡುವಷ್ಟರಲ್ಲಿ ಜಾರಿ ಇಳಿದು ಮಕ್ಕಳ ನಡುವೆ ಕೂತ. ನಾನು ನೋಡಿದಾಗ ಬಾಯಿ ಆಡುತ್ತಿತ್ತು, ಕೆನ್ನೆ ಉಬ್ಬಿತ್ತು. ಆಮೇಲೆ ಏನು ಮಾಡಿದೆ ಎನ್ನುವುದು ನನಗೆ ಸರಿಯಾಗಿ ನೆನಪಿಲ್ಲ. ಹೆಂಗಸರನ್ನು ತಳ್ಳಿ ನುಗ್ಗಿದ್ದೇನೆ. ಬೆರಳು ಅವನ ಗಂಟಲವರೆಗೆ ಹಾಕಿ ಎಳೆದಿದ್ದೇನೆ. ಬಂದದ್ದು ಒದ್ದೆ ಮಂಡಕ್ಕಿ, ನಾಲ್ಕು ಕಾಳು. ಅವನು ಚೀರಿ, ಬೆಳಗಿನ ಮಣ್ಣಿಯನ್ನೆಲ್ಲ ಆಜಿಯ ಹೊಸ ಚಾಪೆಯ ಮೇಲೆ ಕಕ್ಕಿದ. ಆ ಹುಡುಗಿಯೂ ಹೆದರಿ ಅತ್ತಳು.

ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಾಲ್ಕು, ಸೊನ್ನೆ, ಸೊನ್ನೆ. ನಾಲ್ಕನ್ನೂ ಬರೆಯಬಾರದು, ಹೊರಗೆ ಬಂತಲ್ಲ.

ಜನವರಿ 16, ಗುರುವಾರ

ಸೊನ್ನೆ. ಹಾಲು ಅರ್ಧ ಲೋಟ. ಚಮಚ ನೋಡಿದರೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾನೆ.

ಜನವರಿ 18, ಶನಿವಾರ

ಬೆಳಿಗ್ಗೆ ಎರಡು. ಮಧ್ಯಾಹ್ನದ್ದು ಹೇಗೆ ಬರೆಯಲಿ?

ಹನ್ನೆರಡೂಮುಕ್ಕಾಲಿಗೆ ಸ್ನಾನ ಮಾಡಿ ಬಂದೆ. ಮಂಚದ ಮೇಲೆ ಮಗು ಇಲ್ಲ. ಹಾಲ್‌ನಲ್ಲೂ ಇಲ್ಲ. ಅಡುಗೆಮನೆಯ ಬಾಲ್ಕನಿ ಬಾಗಿಲು ಒಂದು ಗೇಣು ತೆರೆದಿತ್ತು. ಒಳಗೆ ಚಂದ್ರಬಾಯಿ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುತ್ತಿದ್ದಾಳೆ, ಎದುರಿಗೆ ಅವಳ ಹಾಗೆಯೇ ಕಾಲು ಮಡಚಿ ಪ್ರಥಮ. ಕೈಯಲ್ಲಿ ರೊಟ್ಟಿ ಚೂರು. ಗಲ್ಲದ ಮೇಲೆ ಬೇಳೆ ಸಾರು. ಅಗಿಯುತ್ತಿದ್ದಾನೆ.

ಕಿತ್ತುಕೊಂಡೆ. ಅವನು ಕಿರುಚಿದ. ನಾನೂ ಕಿರುಚಿದೆ. ಎಷ್ಟು ದಿನದಿಂದ ಇದು ಎಂದು ಕೇಳಿದರೆ "ಹದಿನೈದು ದಿನ ಆತ್ರಿ. ದಿನಾ ಬಂದು ಬಾಗಿಲಾ ಬಡಿತೈತಿ. ಉಣ್ಣೂದು ನೋಡ್ಕೋಂತ ನಿಂತ ಕೂಸಿನ ಮುಂದ ಹೆಂಗ ಉಣ್ಣಲಿ ನಾ? ಮೆತ್ತಗ ನೆನಸಿ ಕೊಟ್ಟೇನಿ" ಎಂದಳು. ಹದಿನೈದು ದಿನ! ನಾನು ಸ್ನಾನಕ್ಕೆ ಹೋದಾಗೆಲ್ಲ ನನ್ನ ಮಗು ಸಾಯಬಹುದಿತ್ತು.

ಆಗ ಬಾಯಿಗೆ ಬಂದದ್ದು ಅಂದುಬಿಟ್ಟೆ. ನಿನ್ನ ಕಣ್ಣೇ ಬಿದ್ದದ್ದು ನನ್ನ ಮಗುವಿಗೆ ಎಂದೆ.

ಅವಳು ಡಬ್ಬಿ ಮುಚ್ಚಿದಳು. ಕೈ ತೊಳೆದಳು. ಅವಸರವಿಲ್ಲ. "ನನ್ನ ಕಣ್ಣಲ್ರಿ ಅಕ್ಕಾರ. ದಿನಾ ಮೂರು ಹೊತ್ತು ಆ ಕೂಸಿನ ಬಾಯಿ ನೋಡ್ಕೋಂತ ಕುಂದ್ರಾಕಿ ಯಾರು?" ಎಂದು ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಎಷ್ಟು ಕೊಬ್ಬು! ನಾಳೆಯಿಂದ ಬರುವುದು ಬೇಡ ಎಂದು ಫೋನು ಮಾಡಿ ಹೇಳಿದೆ.

ಜನವರಿ 21, ಮಂಗಳವಾರ

ಒಂದು, ಸೊನ್ನೆ, ಒಂದು.

ಮನೆಯಲ್ಲೇ ತೂಗಿದೆ. ಬಚ್ಚಲಮನೆಯ ಹಳೆಯ ತೂಕದ ಯಂತ್ರ. ನಾನು ಒಬ್ಬಳೇ ನಿಂತು, ಆಮೇಲೆ ಅವನನ್ನು ಎತ್ತಿಕೊಂಡು ನಿಂತು, ಕಳೆಯಬೇಕು. ಎಂಟು ಒಂಬೈನೂರು ಎನ್ನುತ್ತದೆ. ಯಂತ್ರವೇ ಸರಿಯಿಲ್ಲ, ನನ್ನನ್ನೂ ನಲವತ್ತನಾಲ್ಕು ಎಂದು ತೋರಿಸುತ್ತಿದೆ. ಮದುವೆಯಲ್ಲಿ ಐವತ್ತಾರಿದ್ದೆ.

ಇವರು "ಅಡ್ಮಿಟ್ ಮಾಡುವುದಾದರೆ ಈಗಲೇ ಮಾಡುವ ಮಾರಾಯ್ತಿ, ಆರನೇ ತಾರೀಕಿನವರೆಗೆ ಎಂಥ ಕಾಯುವುದು?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಇಲ್ಲ ಎಂದೆ. ಮೂಗಿಗೆ ನಳಿಕೆ, ಕೀಳದಂತೆ ಕೈಗೆ ಬಟ್ಟೆ ಕಟ್ಟುವುದು, ಆಸ್ಪತ್ರೆಯ ಬಿಳಿ ಮಂಚ. ಕಣ್ಣು ಮುಚ್ಚಿದರೆ ಅದೇ. ನನಗೆ ತುಂಬ ಹೆದರಿಕೆಯಾಗುತ್ತಿದೆ, ದೇವರೇ.

ಜನವರಿ 24, ಶುಕ್ರವಾರ

ಮತ್ತೆ ಶುಕ್ರವಾರ, ಮತ್ತೆ ಜಾಲರಿ. ತಿಕ್ಕುತ್ತಾ ನಿಂತವಳಿಗೆ ಕಣ್ಣು ಕತ್ತಲೆ ಬಂದು ಅಡುಗೆಮನೆಯ ನೆಲದಲ್ಲೇ ಕೂತೆ. ಬೆಳಿಗ್ಗೆ ಚಹಾ ಕುಡಿದದ್ದು ಬಿಟ್ಟರೆ ಏನೂ ತಿಂದಿರಲಿಲ್ಲ, ಈಗ ಲೆಕ್ಕ ಹಾಕಿದರೆ ನಿನ್ನೆ ಮಧ್ಯಾಹ್ನವೂ ಇಲ್ಲ.

ಪ್ರಥಮ ಬಾಲ್ಕನಿ ಬಾಗಿಲ ಹತ್ತಿರ ಕೂತಿದ್ದ. ಈ ಆರು ದಿನವೂ ಹನ್ನೆರಡೂವರೆಗೆ ಸರಿಯಾಗಿ ಹೋಗಿ ಕೂರುತ್ತಾನೆ, ಅಂಗೈಯಲ್ಲಿ ಬಡಿಯುತ್ತಾನೆ. "ಚಂದಾ ಮಂಮಂ" ಎಂದ. ಚಂದಾ ಇಲ್ಲ ಮಗಾ ಎಂದೆ. ಅವನು ಎದ್ದು ಬಂದು, ನಾನು ಅವನಿಗೆ ಮಾಡುವ ಹಾಗೆಯೇ, ಎರಡು ಬೆರಳಿನಲ್ಲಿ ನನ್ನ ತುಟಿ ಅಗಲಿಸಿ ಒಳಗೆ ನೋಡಿದ.

ತಲೆ ಸುತ್ತುತ್ತಿತ್ತು, ಏನಾದರೂ ಬಾಯಿಗೆ ಹಾಕಿಕೊಳ್ಳಬೇಕಿತ್ತು. ಎದ್ದು ತಡಕಾಡಿದರೆ ಫ್ರಿಜ್ಜಿನ ಮೇಲೆ ಆ ಪೇಪರಿನ ಪೊಟ್ಟಣ ಸಿಕ್ಕಿತು. ಒಂದು ಚೂರು ಮುರಿದು ಕಚ್ಚಿದೆ. ಕಟುಂ ಎಂದಿತು.

ಪ್ರಥಮ ಹಿಂದಕ್ಕೆ ಸರಿದ. ಕಣ್ಣರಳಿಸಿ ನನ್ನ ದವಡೆ ನೋಡಿದ. "ಅಮ್ಮ ಮಂಮಂ?" ಎಂದು ಕೇಳಿದ. ಮತ್ತೆ ಕೇಳಿದ. ಆಮೇಲೆ ಗಟ್ಟಿಯಾಗಿ ನಕ್ಕ.

ಅವನು ನಾನು ತಿನ್ನುವುದನ್ನು ನೋಡೇ ಇಲ್ಲ. ಹುಟ್ಟಿದಾಗಿನಿಂದ. ಇವರ ಮೂರೂ ಹೊತ್ತು ಹೋಟೆಲಿನಲ್ಲಿ ಆಗುತ್ತದೆ, ನನ್ನದು ಅವನು ಮಲಗಿದ ಮೇಲೆ ಸಿಂಕಿನ ಹತ್ತಿರ. ಯಾರ ಮನೆಗೆ ಹೋದರೂ ಊಟದ ಹೊತ್ತಿಗೆ ಅವನನ್ನು ಒಳಕೋಣೆಗೆ ಸೇರಿಸುತ್ತೇನೆ. ಈ ಮನೆಯಲ್ಲಿ ಅವನು ಕಂಡ ಉಣ್ಣುವ ಜೀವ ಎಂದರೆ ಚಂದ್ರಬಾಯಿ ಒಬ್ಬಳೇ. ಉಳಿದಂತೆ ಮಂಮಂ ಎಂದರೆ ಬಾಗಿಲು ಹಾಕಿ, ಪರದೆ ಎಳೆದು, ಅವನೊಬ್ಬನಿಗೆ ಮಾತ್ರ ಮಾಡುವಂಥದ್ದು. ನಾನಾದರೂ ನಕೋ ಎನ್ನುತ್ತಿದ್ದೆ. ಇದನ್ನು ಬರೆಯುವಾಗ ಅಳು ತಡೆಯಲಾಗುತ್ತಿಲ್ಲ.

ಅವನು ಕೈ ಚಾಚಿದ. ಕೊಡಲು ಧೈರ್ಯ ಬರಲಿಲ್ಲ. ಪೊಟ್ಟಣವನ್ನು ಮತ್ತೆ ಮೇಲಿಟ್ಟೆ. ಅವನು ಅತ್ತು ಅತ್ತು ನಿದ್ದೆ ಹೋದ.

ಜನವರಿ 25, ಶನಿವಾರ

ಮಗುವನ್ನು ಎತ್ತಿಕೊಂಡು ಚಂದ್ರಬಾಯಿಯ ಮನೆ ಹುಡುಕಿಕೊಂಡು ಹೋದೆ. ಎಂಐಡಿಸಿ ಕಾರ್ಖಾನೆಗಳ ಕಡೆ, ದೊಡ್ಡ ನೀರಿನ ಪೈಪಿನ ಪಕ್ಕದ ಚಾಳ. ಔಷಧಿ ಕಂಪನಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಏಳು ವರ್ಷ ನಮ್ಮ ಪಾತ್ರೆ ತೊಳೆದವಳ ಮನೆ ಯಾವ ಸಾಲಿನಲ್ಲಿದೆ ಎಂದು ಇಬ್ಬರನ್ನು ಕೇಳಬೇಕಾಯಿತು.

ಅವಳು ಒಳಗೆ ಕರೆಯಲಿಲ್ಲ. ಪ್ರಥಮ ನನ್ನ ಸೊಂಟದಿಂದಲೇ ಬಗ್ಗಿ ಅವಳ ಕೊರಳಿಗೆ ಬಿದ್ದ ಮೇಲೆ ಕರೆಯಲೇಬೇಕಾಯಿತು. ತಪ್ಪಾಯಿತು ಎಂದೆ. ಅವಳು ಮಗುವಿನ ತಲೆ ನೇವರಿಸುತ್ತಾ ನನ್ನ ಮುಖ ನೋಡದೆ ಹೇಳಿದಳು: "ನಿಮ್ಮ ಮನಿಯಾಗ ಉಣ್ಣೂದಂದ್ರ ಕಳವು ಮಾಡಿದಂಗ ಆಗೇತ್ರಿ ಅಕ್ಕಾರ. ನಾ ಕದಾ ಹಾಕ್ಕೊಂಡು ಉಣಬೇಕು, ಕೂಸು ಕದಾ ಹಾಕ್ಕೊಂಡು ಉಣಬೇಕು, ನೀವು ಯಾವಾಗ ಉಂತೀರೋ ಆ ದೇವರಿಗೇ ಗೊತ್ತು. ಬರ್ತೀನಿ. ಆದ್ರ ಆ ಮಷಿನ್ ಸಂದ್ಯಾಗ ಇನ್ನ ಕುಂದ್ರಂಗಿಲ್ಲ."

ಎಲ್ಲಿ ಬೇಕೋ ಅಲ್ಲಿ ಕೂರು ಎಂದೆ. ಆಮೇಲೆ ಡಾಕ್ಟರಿಗೆ ಫೋನು ಮಾಡಿ ಅವತ್ತು ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಿಸಿಕೊಂಡೆ. ಈ ಸಲ ಬರೆದುಕೊಂಡೆ. ಮೆತ್ತಗಿರಬೇಕು. ಎದುರಿಗೆ ಕೂತಿರಬೇಕು. ಬಾಯಿಗೆ ಬೆರಳು ಬೇಡ. ದನಿಯೇ ನಿಂತುಹೋದರೆ ಮಾತ್ರ ಬೆನ್ನಿಗೆ ಗುದ್ದುವುದು, ಹೇಗೆ ಎಂದು ವಿಡಿಯೋದಲ್ಲಿ ತೋರಿಸಿದರು.

ಜನವರಿ 27, ಸೋಮವಾರ

ಅಡುಗೆಮನೆಯ ನೆಲದ ಮೇಲೆ ಮೂರು ತಟ್ಟೆ. ಚಂದ್ರಬಾಯಿ ಗೋಡೆಗೆ ಒರಗಿ, ಪ್ರಥಮ ನಡುವೆ, ನಾನು ಈ ಕಡೆ. ಬೆಂದ ತೊಗರಿಬೇಳೆಯಲ್ಲಿ ರೊಟ್ಟಿ ಮುರಿದು ಮೆತ್ತಗಾಗುವವರೆಗೆ ನೆನೆಸಿದ್ದಳು. "ಅಕ್ಕಾರ, ನಿಮ್ಮ ತಟ್ಟಿ ನೋಡ್ಕೋಂತ ಉಣ್ರಿ. ಕೂಸಿನ ಕಡೆ ನಾ ಅದೀನಿ" ಎಂದಳು.

ನನ್ನ ತಟ್ಟೆಯನ್ನು ನೋಡಿದೆ. ಜೀವವೆಲ್ಲ ಕಿವಿಯಲ್ಲಿತ್ತು. ಚಪ್ ಚಪ್ ಎನ್ನುವ ಶಬ್ದ. ಒಂದು ಸಲ, ಎರಡು ಸಲ. ಆಮೇಲೆ ಕೆಮ್ಮು.

ನನ್ನ ಕೈ ಎದ್ದಿತ್ತು. ಚಂದ್ರಬಾಯಿ ಎಂಜಲು ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು, ಗಟ್ಟಿಯಾಗಿ. "ದನಿ ಬರಾಕತ್ತೇತಿ. ಕೇಳ್ರಿ." ಕೇಳಿದೆ. ಕೆಮ್ಮಿದ, ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಮುಖ ಕೆಂಪಾಯಿತು. ನನ್ನ ಪಾದದ ಮೇಲೆ ಆ ಜಾಗ ಉರಿಯುತ್ತಿತ್ತು. ನಂತರ ಒಂದು ಚೂರನ್ನು ತಟ್ಟೆಗೆ ಉಗುಳಿ, ಅದನ್ನೇ ನೋಡಿ, ಮತ್ತೆ ಎತ್ತಿ ಬಾಯಿಗೆ ಹಾಕಿಕೊಂಡ.

ಅರ್ಧ ರೊಟ್ಟಿ. ಚಮಚದಲ್ಲಿ ಎಷ್ಟಾಗುತ್ತದೆ ಗೊತ್ತಾಗಲಿಲ್ಲ. ನನ್ನ ಮಣಿಕಟ್ಟಿನ ಮೇಲೆ ಬೇಳೆ ಮೆತ್ತಿದ ಐದು ಬೆರಳು. ಒರೆಸಿಕೊಳ್ಳಲು ಮರೆತೆ.

ಜನವರಿ 29, ಬುಧವಾರ

ಬೆಳಿಗ್ಗೆ ನೀರುದೋಸೆ ಒಂದು, ಮಧ್ಯಾಹ್ನ ಕಾಲು ರೊಟ್ಟಿ ಮತ್ತು ಕುಂಬಳಕಾಯಿ, ಸಂಜೆ ಏನೂ ಇಲ್ಲ, ತಟ್ಟೆ ಎಸೆದ. ಉಪ್ಪು ಮೆಣಸು ತೆಗೆದುಕೊಂಡೆ. ಆಗ ಮಗುವನ್ನು ನೋಡಿಹೋಗಲು ಬಂದ ಚಂದ್ರಬಾಯಿಗೂ ಒಂದು ಸುತ್ತು ನಿವಾಳಿಸಿದೆ, ಅವಳಿಗೂ ಯಾರ ಕಣ್ಣು ಬಿದ್ದಿದೆಯೋ.

ಜನವರಿ 31, ಶುಕ್ರವಾರ

ಕರೆಂಟು ಇರಲಿಲ್ಲವಂತೆ. ಆಜಿ ಹೇಳಿದ ಮೇಲೆ ಗೊತ್ತಾಯಿತು. ಅವರನ್ನೂ ಊಟಕ್ಕೆ ಕೂರಿಸಿದೆವು, ಆ ಚಾಪೆಯ ಋಣ ಇತ್ತಲ್ಲ. ಹುರುಳಿಸಾರು ಚೆನ್ನಾಗಿತ್ತು, ಎರಡು ಸಲ ಹಾಕಿಕೊಂಡೆ.

ಫೆಬ್ರವರಿ 3, ಸೋಮವಾರ

ಬಸಳೆ, ಹೆಸರುಕಾಳು ಹಾಕಿ ಪದಾರ್ಥ ಮಾಡಿದೆ, ಬಿಸಿ ಬಿಸಿ. ಚಂದ್ರಬಾಯಿಗೆ ಬಸಳೆ ಲೋಳೆ ಎಂದು ಸೇರುವುದಿಲ್ಲ. ಅವಳು ಮೂಗು ಮುರಿದದ್ದನ್ನು ನೋಡಿ ಪ್ರಥಮನೂ ಮುರಿದ. ಇಬ್ಬರ ಪಾಲೂ ನನಗೇ.

ಫೆಬ್ರವರಿ 5, ಬುಧವಾರ

ಡಾಕ್ಟರಿಗೆ ಕೊಡಲು ಚಮಚದ ಲೆಕ್ಕ ಇಳಿಸೋಣ ಎಂದು ಕೂತೆ. ಇಪ್ಪತ್ತೊಂಬತ್ತರಿಂದ ಈಚೆಗೆ ಏನೂ ಇಲ್ಲ. ನಾನು ಏನು ತಿಂದೆ ಎಂದು ಮಾತ್ರ ಬರೆದಿದ್ದೇನೆ. ಎಂಥ ತಾಯಿ ನಾನು? ನಾಳೆ ತೂಕ ಇಳಿದಿದ್ದರೆ, ಎಷ್ಟು ತಿಂದ ಎಂದು ಕೇಳಿದರೆ ಏನು ಹೇಳಲಿ? ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಅವನ ಹೊದಿಕೆ ತುಂಬಿಟ್ಟಿದ್ದೇನೆ, ಅಡ್ಮಿಟ್ ಎಂದರೆ ಬೇಕಾಗುತ್ತದೆ.

ಫೆಬ್ರವರಿ 6, ಗುರುವಾರ

ಒಂಬತ್ತು ಕಿಲೋ ಇನ್ನೂರೈವತ್ತು.

ಡಾಕ್ಟರ್ ಎರಡು ಸಲ ತೂಗಿದರು. "ಸಾಲದು. ಆದ್ರೆ ಏರಿದೆ. ನಳಿಕೆ ಸದ್ಯಕ್ಕೆ ಬೇಡ. ಮುಂದಿನ ತಿಂಗಳು ಮತ್ತೆ ನೋಡೋಣ" ಎಂದರು. ಸದ್ಯಕ್ಕೆ ಎಂದದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಹೆದರಿಕೆ ಎಲ್ಲೂ ಹೋಗಿಲ್ಲ. ಕಳೆದ ವಾರ ಎಷ್ಟು ತಿಂದ ಎಂದು ಕೇಳಿದರು. ನೋಡಲಿಲ್ಲ ಡಾಕ್ಟ್ರೇ, ನಾನೂ ಊಟಕ್ಕೆ ಕೂತಿದ್ದೆ ಎಂದೆ. ಬೈಯುತ್ತಾರೆ ಎಂದುಕೊಂಡರೆ ಪೆನ್ನು ಕೆಳಗಿಟ್ಟು ನಕ್ಕರು. ಯಾಕೋ ಗೊತ್ತಿಲ್ಲ.

ಇವರ ಹೋಟೆಲಿಗೆ ಹೋದೆವು. ಮಧ್ಯಾಹ್ನದ ರಶ್. ನಡುವಿನ ಟೇಬಲ್ಲೇ ಸಿಕ್ಕಿತು, ಫ್ಯಾನಿನ ಕೆಳಗೆ. ಇಡ್ಲಿ ಬಂತು. ಮೂರೇ ಚಮಚದ ಹುಡುಗ ಬಂದಿದ್ದಾನೆ ಎಂದು ಸುದ್ದಿ ಹೋಗಿ ಸಪ್ಲೈಯರುಗಳು ಒಬ್ಬೊಬ್ಬರಾಗಿ ಬಂದು ನಿಂತರು, ದೋಸೆ ಹಾಕುವವನು ಕಿಟಕಿಯಿಂದ ತಲೆ ಹಾಕಿದ, ಪಕ್ಕದ ಟೇಬಲ್ಲಿನವರೂ ತಿರುಗಿದರು. ಅಷ್ಟು ಜನರ ಕಣ್ಣು, ಒಂದೇ ಸಲ, ನನ್ನ ಮಗುವಿನ ಬಾಯಿ ಮೇಲೆ. ಇವರು "ಹೋಗಿ ಮಾರಾಯ್ರೇ, ಕೆಲಸ ನೋಡಿ" ಎಂದು ಗದರಿದರೂ ಯಾರೂ ಕದಲಲಿಲ್ಲ. ಪ್ರಥಮ ಇಡ್ಲಿ ಮುರಿದ, ಬಾಯಿಗಿಟ್ಟ.

ಅವನ ತಲೆ ಮುಚ್ಚೋಣ ಎಂದು ದುಪಟ್ಟಾಕ್ಕೆ ಕೈ ಹಾಕಿದೆ. ಬೆರಳೆಲ್ಲ ಚಟ್ನಿ. ಹೊಸ ದುಪಟ್ಟಾ, ಕಲೆ ಹೋಗುವುದಿಲ್ಲ ಎಂದು ಬಿಟ್ಟುಬಿಟ್ಟೆ, ಇನ್ನೊಂದು ಇಡ್ಲಿ ತರಿಸಿಕೊಂಡೆ.